ವಾಪಸ್ ಬಂದ ಹಲ್ಲು

ಫಾರಂನಲ್ಲಿ ನಾಲ್ಕು ಚೌಕಗಳಿದ್ದವು. ಮೊದಲಿನ ಎರಡನ್ನು, ಹೆಸರು ಮತ್ತು ವಿದ್ಯಾರ್ಥಿ ಸಂಖ್ಯೆಯನ್ನು, ಅಕ್ಷರಾ ಒಂಬತ್ತು ದಿನಗಳ ಹಿಂದೆಯೇ ತುಂಬಿದ್ದಳು. ಮೂರನೆಯದು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವುದೆಂದು ಕೇಳುತ್ತಿತ್ತು. ನಾಲ್ಕನೆಯದು, ಪದವಿಯ ನಂತರ ಸೇರಬಯಸುವ ವೃತ್ತಿಶಿಕ್ಷಣ ಯಾವುದೆಂದು. ಅದರ ಪಕ್ಕದಲ್ಲಿ ಸಣ್ಣದಾಗಿ ‘ಕಡ್ಡಾಯವಲ್ಲ’ ಎಂದು ಅಚ್ಚಾಗಿತ್ತು. ಕಡ್ಡಾಯವಲ್ಲದ ಪ್ರಶ್ನೆಗೆ ಉತ್ತರ ಮೂರೂವರೆ ವರ್ಷದಿಂದ ಸಿದ್ಧವಿತ್ತು. ಕಡ್ಡಾಯವಾದದ್ದಕ್ಕೆ ಇರಲಿಲ್ಲ. ಬೆಳಗಿನ ವಿಶ್ವವಿದ್ಯಾಲಯದ ಬಸ್ಸು ದುಬೈಯ ಗರ್ಹೂದ್ ಸೇತುವೆಯ ಮೇಲೆ ನಿಂತು ಹದಿನೈದು ನಿಮಿಷವಾಗಿತ್ತು. ಇರಾಕಿನಲ್ಲಿ ಯುದ್ಧ ಶುರುವಾಗಿ ಆರು ದಿನ. ಡ್ರೈವರನ ರೇಡಿಯೊದಲ್ಲಿ ಅರಬ್ಬಿಯಲ್ಲಿ ಯಾರೋ ಊರುಗಳ ಹೆಸರುಗಳನ್ನು ಒಂದೇ ದನಿಯಲ್ಲಿ ಓದುತ್ತಿದ್ದರು. ಬುಧವಾರ, ವಾರದ ಕೊನೆಯ ದಿನ. ಕಚೇರಿ ನಾಲ್ಕಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಶನಿವಾರ, ಆದರೆ ಫಾರಂ ತೆಗೆದುಕೊಳ್ಳುವ ಕೊನೆಯ ದಿನ ಇವತ್ತು. ಅವಳ ನಾಲಿಗೆ ತಾನಾಗಿಯೇ ಮೇಲಿನ ಸಾಲಿನ ಬಲಗಡೆಗೆ ಹೋಗಿ, ನಡುವಿನಿಂದ ಎರಡನೆಯ ಹಲ್ಲಿನ ಹಿಂಬದಿಯನ್ನು ಮುಟ್ಟಿ ವಾಪಸಾಯಿತು. ದಿನಕ್ಕೆ ಎಷ್ಟು ಸಲ ಹೀಗಾಗುತ್ತದೆಂದು ಅವಳು ಒಮ್ಮೆ ಲೆಕ್ಕ ಇಡಲು ಹೋಗಿ, ನೂರು ದಾಟಿದ ಮೇಲೆ ಬಿಟ್ಟಿದ್ದಳು.

“ನಿನ್ನ ಡ್ಯಾಡಿಯ ಕ್ಲಿನಿಕ್ ನಂಬರ್ ಕೊಡು ಅಂತ ಎಷ್ಟು ಸಲ ಕೇಳೂದು ಮಾರಾಯ್ತಿ?” ಪಕ್ಕದಲ್ಲಿ ಕೂತಿದ್ದ ಜಮೀಲ ಮೊಣಕೈಯಿಂದ ತಿವಿದಳು. ಅವಳದು ಉಡುಪಿಯ ಕಡೆಯ ಬ್ಯಾರಿ ಕುಟುಂಬ. ಇಬ್ಬರೂ ಎರಡನೇ ವರ್ಷ. “ಉಮ್ಮನ ಒಂದು ಕೆನ್ನೆ ಇಷ್ಟು ದಪ್ಪ ಆಗಿದೆ. ಬೇರೆ ಡೆಂಟಿಸ್ಟ್ ಹತ್ರ ಹೋಗೂದಿಲ್ಲ ಅಂತಾರೆ. ನಿನ್ನ ಫ್ರೆಂಡ್‌ನ ಅಪ್ಪ ಇದ್ದಾರಲ್ಲ, ಅಲ್ಲಿಗೇ ಅಂತ ಹಟ.”

“ಹೀ ಈಸ್ ಫುಲ್ಲಿ ಬುಕ್ಡ್. ದಿಸ್ ಮಂತ್ ಫುಲ್.”

“ಡಾಕ್ಟ್ರ ಮಗಳಲ್ವಾ, ಗತ್ತು.” ಜಮೀಲ ನಕ್ಕಳು. ನಗುವಾಗ ಅವಳು ಬಾಯನ್ನು ಪೂರ್ತಿ ತೆರೆಯುತ್ತಿದ್ದಳು. ಅಕ್ಷರಾ ತುಟಿ ಬಿಗಿದೇ ನಕ್ಕಳು. ಆ ದಪ್ಪಗಾದ ಕೆನ್ನೆ ಇಡೀ ದಾರಿ ಅವಳ ಜೊತೆಗೆ ಬಂತು. ಸುಳ್ಳು ತಾನಾಗಿ ಬೆಳೆದದ್ದೆಂದು ಅವಳು ತನಗೆ ಹೇಳಿಕೊಳ್ಳುತ್ತಿದ್ದಳು: ಮೊದಲ ವಾರ ಯಾರೋ ಕೇಳಿದಾಗ ‘ಡೆಂಟಲ್ ಫೀಲ್ಡ್’ ಅಂದದ್ದು, ಉಳಿದದ್ದನ್ನು ಅವರೇ ಸೇರಿಸಿಕೊಂಡದ್ದು. ಆದರೆ ಅದು ನಿಜವಲ್ಲ. ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವಳು ‘ಡೆಂಟಿಸ್ಟ್’ ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಒಂದಕ್ಕೊಂದು ತಾಗದಂತೆ, ನಿಧಾನವಾಗಿ ಬರೆದಿದ್ದಳು. ಅಪ್ಪ ರೇವಣಸಿದ್ದಪ್ಪ ಆಗ ಅದೇ ಕಚೇರಿಯ ಇನ್ನೊಂದು ತುದಿಯಲ್ಲಿ ಪಾಸ್‌ಪೋರ್ಟಿನ ನಕಲು ಮಾಡಿಸಲು ಸಾಲಿನಲ್ಲಿ ನಿಂತಿದ್ದ. ನಕಲಿನಲ್ಲಿ ವೀಸಾದ ಪುಟವೂ ಇತ್ತು, ಅದರಲ್ಲಿ ‘ಡೆಂಟಲ್ ಟೆಕ್ನಿಷಿಯನ್’ ಎಂದು ಇತ್ತು. ಎರಡೂ ಕಾಗದಗಳನ್ನು ಒಂದೇ ಪಿನ್ನಿನಲ್ಲಿ ಚುಚ್ಚಿ ಒಳಗೆ ಕೊಟ್ಟಿದ್ದಳು. ಒಂದೂವರೆ ವರ್ಷದಲ್ಲಿ ಯಾರೂ ಎರಡನ್ನೂ ಒಟ್ಟಿಗೆ ಓದಿರಲಿಲ್ಲ.

ರೇವಣಸಿದ್ದಪ್ಪ ಹಲ್ಲು ಕೀಳುವವನಲ್ಲ, ಹಲ್ಲು ಮಾಡುವವನು. ಅಲ್ ಮುರಕ್ಕಬಾತ್‌ನ ಒಂದು ಕಟ್ಟಡದ ಅರೆಮಹಡಿಯಲ್ಲಿ, ಕಿಟಕಿಯಿಲ್ಲದ ಲ್ಯಾಬ್‌ನಲ್ಲಿ, ದೀಪದ ಕೆಳಗೆ ಕೂತು, ದಂತವೈದ್ಯರು ಕಳಿಸಿದ ಪ್ಲಾಸ್ಟರಿನ ಅಚ್ಚುಗಳ ಮೇಲೆ ಮೇಣದಲ್ಲಿ ಹಲ್ಲು ಕೆತ್ತಿ, ಆಮೇಲೆ ಲೋಹ, ಅದರ ಮೇಲೆ ಪಿಂಗಾಣಿ ಪುಡಿಯನ್ನು ಕುಂಚದಿಂದ ಪದರ ಪದರವಾಗಿ ಇಟ್ಟು ಭಟ್ಟಿಯಲ್ಲಿ ಸುಡುತ್ತಿದ್ದ. ಹಲ್ಲು ಹಾಕಿಸಿಕೊಳ್ಳುವವರ ಮುಖವನ್ನು ಅವನು ನೋಡುತ್ತಿರಲಿಲ್ಲ. ಚೀಟಿಯಲ್ಲಿ ಒಂದು ಸಂಖ್ಯೆ, ಯಾವ ಹಲ್ಲು, ಹದಿನಾರು ಬಣ್ಣಗಳಲ್ಲಿ ಯಾವುದು, ಇಷ್ಟೇ ಬರುತ್ತಿತ್ತು. ಅದಕ್ಕೇ ಇರಬೇಕು, ಹೊರಗೆ ಹೋದಾಗ ಅವನು ಜನರ ಕಣ್ಣು ನೋಡದೆ ಬಾಯಿ ನೋಡುತ್ತಿದ್ದ. ಮೀನು ಮಾರ್ಕೆಟಿನಲ್ಲಿ, ಲಿಫ್ಟಿನಲ್ಲಿ, ಮದುವೆಯ ಊಟದಲ್ಲಿ. ಅಕ್ಷರಾಗೆ ಹದಿನೈದು ತುಂಬಿದಾಗ ಅವಳ ಬಾಯಿಯ ಅಚ್ಚು ತೆಗೆದುಕೊಂಡಿದ್ದ. ತಣ್ಣಗಿನ, ಪುದೀನ ವಾಸನೆಯ ಹಿಟ್ಟು ಗಂಟಲಿಗೆ ಇಳಿಯುತ್ತಿರುವಾಗ “ಮೂಗಿಲೆ ಉಸರಾಡು, ಮೂಗಿಲೆ” ಎಂದು ತಲೆ ಹಿಡಿದುಕೊಂಡಿದ್ದ. ನಿನ್ನ ಈ ಹಲ್ಲು ಹೆಂಗ ಐತಿ ಗೊತ್ತೇನು, ಪುಸ್ತಕದಾಗ ಇದ್ದಂಗ ಐತಿ ಅಂದಿದ್ದ. ಅದೇ ಬಲಗಡೆಯ ಎರಡನೆಯ ಹಲ್ಲು. ಆ ಮೇಲೆ ಹೆಂಗಸರ ಹಲ್ಲಿನ ಕೆಲಸ ಬಂದಾಗಲೆಲ್ಲ ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಕೆತ್ತುತ್ತಿದ್ದ. ಒಮ್ಮೆ ಊರಿಗೆ ಹೊರಡುವ ಮುಂಚೆ, ಕೆಲಸ ಮುಗಿಯದೆ, ಅಚ್ಚನ್ನು ಮನೆಗೇ ತಂದು ಅಡಿಗೆಮನೆಯ ಟೇಬಲ್ಲಿನ ಮೇಲೆ ಸ್ಪಿರಿಟ್ ದೀಪ ಹಚ್ಚಿಕೊಂಡು ಕೆತ್ತಿದ್ದನ್ನು ಅವಳು ಎದುರಿಗೆ ಕೂತು ನೋಡಿದ್ದಳು. ಅಪ್ಪನಿಗೆ ಕೆಲಸ ಕಳಿಸುತ್ತಿದ್ದ ದಂತವೈದ್ಯ ಡಾಕ್ಟರ್ ಅಭಿಜೀತರ ಚೀಟಿ ಅದು. ಅರ್ಜೆಂಟ್ ಎಂದು ಕೆಂಪಿನಲ್ಲಿ ಬರೆದಿತ್ತು.

ಅಬುಧಾಬಿಯಲ್ಲಿ ಕನ್ನಡಿಗರ ರಾಜ್ಯೋತ್ಸವ ನಡೆದದ್ದು ಅದಾಗಿ ಮೂರು ತಿಂಗಳಿಗೆ, ತೊಂಬತ್ತೊಂಬತ್ತರ ನವೆಂಬರಿನಲ್ಲಿ. ಊಟದ ಸಾಲಿನಲ್ಲಿ ಹಸಿರು ರೇಷ್ಮೆ ಸೀರೆಯ ಹೆಂಗಸೊಬ್ಬಳು ಯಾರದೋ ಮಾತಿಗೆ ಜೋರಾಗಿ ನಕ್ಕಳು. ಅಪ್ಪ ತಟ್ಟೆ ಹಿಡಿದುಕೊಂಡೇ ಅವಳ ಬಾಯಿಯನ್ನು ನೋಡುತ್ತ ನಿಂತ. ಅಕ್ಷರಾ ತೋಳು ಜಗ್ಗಿದಳು. ಅಪ್ಪನ ಮುಖದಲ್ಲಿ, ಕಳೆದುಹೋದದ್ದು ಸಿಕ್ಕಿದವರ ಸಂತೋಷವಿತ್ತು. “ಆ ಹಲ್ಲು ನಾ ಮಾಡಿದ್ದರೀ ಅಕ್ಕಾರ. ನಮ್ಮ ಹುಡುಗಿ ಹಲ್ಲು ನೋಡಿ ಮಾಡೇನಿ. ಅಕ್ಷರಾ, ಬಾಯಿ ತೋರ್ಸವಾ ಅವರಿಗೆ.” ಹೆಂಗಸಿನ ಕೈ ಬಾಯಿಗೆ ಹೋಯಿತು. ಅವಳ ಪಕ್ಕದಲ್ಲೇ ಡಾಕ್ಟರ್ ಅಭಿಜೀತ ನಿಂತಿದ್ದರು. ಅವರು ಸಿಟ್ಟಾಗಲಿಲ್ಲ, ನಕ್ಕರು, ಅದೇ ಕೆಟ್ಟದಾಗಿತ್ತು. “ಮೇಡಂದು ಜರ್ಮನಿಯಿಂದ ತರಿಸಿದ್ದು ಸಿದ್ದಪ್ಪ” ಅಂದರು. ಆಮೇಲೆ, ತಮಾಷೆ ಮುಂದುವರಿಸುವವರಂತೆ ಅವಳ ಕಡೆ ಬಾಗಿ, “ಏನಮ್ಮ, ನಿಜವಾಗ್ಲೂ ನಿಮ್ಮಪ್ಪ ಮಾಡಿದ್ದಾ?” ಸುತ್ತ ಏಳೆಂಟು ಜನ ಅವಳ ತುಟಿಗಳನ್ನು ನೋಡುತ್ತಿದ್ದರು. “ನನಗೆ ಗೊತ್ತಿಲ್ಲ” ಎಂದಳು ಅಕ್ಷರಾ, ಹಲ್ಲು ಕಾಣದ ಹಾಗೆ. ಮನೆಯಲ್ಲಿ ಆಡದ, ಶಾಲೆಯ ಕನ್ನಡದಲ್ಲಿ. ದುಬೈಗೆ ಮರಳಿದ ಮರುದಿನ ಅಪ್ಪ ಡಾಕ್ಟರರ ಕ್ಲಿನಿಕ್ಕಿಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದ. ಅದಾಗಿ ಐದನೇ ದಿನ, ಚಪಾತಿ ತಿನ್ನುತ್ತಿರುವಾಗ, ಯಾರೂ ಕೇಳದೆಯೇ ಅಕ್ಷರಾ ಹೇಳಿದಳು: ನಾ ಡೆಂಟಿಸ್ಟ್ ಆಗ್ತೀನಿ. ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಅವ್ವ ಆವತ್ತೇ ಊರಿಗೆ, ಗದಗಿಗೆ, ಫೋನ್ ಮಾಡಿದಳು.

ಆಮೇಲಿನದೆಲ್ಲ ತನ್ನಷ್ಟಕ್ಕೆ ನಡೆದುಕೊಂಡು ಬಂದಿತ್ತು. ಕೆನಡಾಕ್ಕೆ ವಲಸೆಯ ಅರ್ಜಿ. ಟೊರಾಂಟೊದ ಸೋದರಮಾವ ಕಳಿಸಿದ ಪುಸ್ತಿಕೆ. ಅಲ್ಲಿನ ದಂತವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಸೋಪಿನ ತುಂಡೊಂದನ್ನು ಕೊಟ್ಟು ಅರ್ಧ ಗಂಟೆಯಲ್ಲಿ ಒಂದು ಆಕಾರ ಕೆತ್ತಿಸುತ್ತಾರೆಂದು ಓದಿದ ದಿನ ಅಪ್ಪ ಒಂದು ಡಜನ್ ಸೋಪು ತಂದಿದ್ದ. ಈಗ ವಾರಕ್ಕೆರಡು ದಿನ ಅವಳು ಕೆತ್ತುತ್ತಾಳೆ, ಅಪ್ಪ ಗಡಿಯಾರ ಹಿಡಿಯುತ್ತಾನೆ, ಚೂರುಗಳಲ್ಲಿ ಅವ್ವ ಬಟ್ಟೆ ಒಗೆಯುತ್ತಾಳೆ. ಇಷ್ಟರಲ್ಲಿ ಹೋದ ವಾರ ವಿಶ್ವವಿದ್ಯಾಲಯದ ಸಲಹೆಗಾರ್ತಿ ಒಂದು ಮಾತು ಹೇಳಿದ್ದಳು. ದಂತವೈದ್ಯಕೀಯಕ್ಕೆ ಇಂಥದೇ ಮೇಜರ್ ಬೇಕೆಂದಿಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿಗದಿತ ಕೋರ್ಸುಗಳು ಮುಗಿದಿದ್ದರೆ ಸಾಕು. ಇತಿಹಾಸ ಓದಿದವರನ್ನೂ ಸಂಗೀತ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ನಿನಗೆ ಏನಿಷ್ಟವೋ ಅದನ್ನು ಬರಿ. ಬಯಾಲಜಿ ಕಡ್ಡಾಯವಾಗಿದ್ದರೆ ಅಕ್ಷರಾಗೆ ಯೋಚಿಸುವುದೇ ಇರಲಿಲ್ಲ. ಇಷ್ಟ ಎನ್ನುವುದನ್ನು ಅವಳು ಯಾವ ಕಡೆಯಿಂದ ಹುಡುಕಬೇಕು? ಈ ಸೆಮಿಸ್ಟರಿನಲ್ಲಿ ಮಣ್ಣಿನ ಶಿಲ್ಪದ ಒಂದು ಕ್ಲಾಸಿತ್ತು. ಅಲ್ಲಿ ಮೇಷ್ಟ್ರು ಅವಳ ಕೈಯನ್ನು ಹೊಗಳಿದ್ದರು. ವಿಷುಯಲ್ ಆರ್ಟ್ಸ್ ಎಂದು ಬರೆದರೆ ಅಪ್ಪ ಬೈಯಬಹುದು. ಬೈದರೆ ಎಷ್ಟು ಹಗುರಾಗುತ್ತದೆ ಎಂಬ ಯೋಚನೆ ಬಂದು, ಅದು ಬಂದದ್ದಕ್ಕೆ ನಾಚಿಕೆಯಾಗಿ, ಒಂಬತ್ತು ದಿನ ಫಾರಂ ಚೀಲದಲ್ಲೇ ಉಳಿದಿತ್ತು. ಪೋಷಕರ ಸಹಿಯೂ ಆಗಿರಲಿಲ್ಲ.

ಮಧ್ಯಾಹ್ನ ಒಂದೂಕಾಲಿಗೆ ಅವಳು ಕ್ಲಾಸು ಬಿಟ್ಟು ಟ್ಯಾಕ್ಸಿ ಹಿಡಿದು ಮುರಕ್ಕಬಾತ್‌ಗೆ ಬಂದಳು. ಅಂಗಡಿಗಳ ಮಧ್ಯಾಹ್ನದ ಬಿಡುವು. ಅರ್ಧ ಇಳಿದ ಶಟರುಗಳ ರಸ್ತೆ. ಅರೆಮಹಡಿಯ ಲ್ಯಾಬ್‌ನಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಅಪ್ಪನ ಜೊತೆ ಹನ್ನೊಂದು ವರ್ಷದಿಂದ ಕೆಲಸ ಮಾಡುವ ಮಸೂದ್ ಟಿಫಿನ್ ಬಿಚ್ಚುತ್ತಿದ್ದ.

“ಬಂದ್ರು ಬಂದ್ರು, ಡಾಕ್ಟ್ರಮ್ಮ! ಯಲ್ಲಾ, ನನ್ನ ದವಡೆ ಹಲ್ಲು ಒಂಚೂರು ನೋಡಿ ಮಾರಾಯ್ರೆ. ಅಪಾಯಿಂಟ್‌ಮೆಂಟ್ ಬೇಕಾ?”

“ಏನವಾ, ಕಾಲೇಜ ಇಲ್ಲೇನು?” ಅಪ್ಪ ತಲೆ ಎತ್ತಲಿಲ್ಲ. ಅವನ ಬಲಗೈಯಲ್ಲಿ ತಿರುಗುವ ಸಣ್ಣ ಮಿಷಿನ್ನು ಒಂದು ಹಲ್ಲಿನ ಅಂಚನ್ನು ಸವರುತ್ತಿತ್ತು. “ಬೆಳಕಿಗೆ ಅಡ್ಡ ನಿಂದರಬ್ಯಾಡ. ಈ ಕಡೆ ಕುಂದ್ರು.”

“ಸೈನ್ ಬೇಕಿತ್ತು. ಮೇಜರ್ ಫಾರಂ. ಇವತ್ತ ಲಾಸ್ಟ್ ಡೇಟ್.”

“ತಾ.” ಅಂಗಿಗೆ ಕೈಯೊರೆಸಿ ಪೆನ್ನು ತೆಗೆದುಕೊಂಡ. ಮೂರನೇ ಚೌಕದ ಮೇಲೆ ಅವನ ಕಣ್ಣು ನಿಂತಿತು. “ಇದು ಬರದಿಲ್ಲಲ್ಲ.”

“ಯಾವ್ದಿದ್ರೂ ನಡೀತದಂತ. ಕೋರ್ಸ್ ಮುಗಿಸಿದ್ರ ಸಾಕಂತ. ನಾ ಆರ್ಟ್ಸ್ ಬರೀಬೇಕಂತ ಮಾಡೇನಿ. ಸ್ಕಲ್ಪ್ಚರ್.”

“ಅಂದ್ರ?”

“ಮಣ್ಣು, ಪ್ಲಾಸ್ಟರ್, ಮೆಟಲ್. ಕೆತ್ತೂದು.”

ಮಸೂದ್ ಕೈಯಲ್ಲಿನ ಪತ್ತಿರಿ ರೊಟ್ಟಿಯನ್ನು ಟಿಫಿನ್ನಿಗೇ ಹಾಕಿ ನಕ್ಕ. “ಅಲ್ಲ ರೇವಣಣ್ಣ, ಅದಕ್ಕೆ ಯೂನಿವರ್ಸಿಟಿ ಯಾಕೆ? ಇಲ್ಲೇ ಸ್ಟೂಲ್ ಹಾಕಿ ಕೂರಿಸಿ. ಒಂದು ವಾರದಲ್ಲಿ ನಾನು ಕಲಿಸ್ತೇನೆ. ಖಲಾಸ್.”

ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಪೋಷಕರ ಸಹಿ ಎಂಬಲ್ಲಿ ಇಂಗ್ಲಿಷಿನಲ್ಲಿ ಪೂರ್ತಿ ಹೆಸರು ಬರೆದು, ಕಾಗದದ ಮೇಲೆ ಬಿದ್ದ ಬಿಳಿ ಪುಡಿಯನ್ನು ಊದಿ, ವಾಪಸು ಕೊಟ್ಟ. “ಬರಕೊ. ನಿನಗ ತಿಳದದ್ದು ಬರಕೊ.” ಮಿಷಿನ್ನು ಮತ್ತೆ ತಿರುಗತೊಡಗಿತು. ಅವಳು ನಿಂತೇ ಇದ್ದಳು. ಇಷ್ಟು ಸುಲಭವಾಗಿ ಕೊಟ್ಟದ್ದನ್ನು ಹಿಡಿದುಕೊಳ್ಳಲು ಅವಳ ಕೈ ತಯಾರಿರಲಿಲ್ಲ. ಅಪ್ಪನ ನೆತ್ತಿಯ ತೆಳುವಾದ ಕೂದಲ ಮೇಲೆ ಪ್ಲಾಸ್ಟರಿನ ಪುಡಿ ಕೂತಿತ್ತು. ಅದನ್ನು ನೋಡುತ್ತಿದ್ದವಳ ಬಾಯಿಂದ, ತಯಾರಿ ಮಾಡಿಕೊಂಡು ಬಂದದ್ದಲ್ಲದ ಮಾತು ಹೊರಬಿತ್ತು.

“ಅಪ್ಪಾ, ಅಬುಧಾಬಿಯೊಳಗ ಆ ಡಾಕ್ಟರ್ ಕೇಳಿದಾಗ ನನಗ ಗೊತ್ತಿತ್ತು. ಗೊತ್ತಿಲ್ಲಂತ ಹೇಳಿದೆ.”

ಮಿಷಿನ್ನು ನಿಂತಿತು. “ಏನ ಗೊತ್ತಿತ್ತು?”

“ಆ ಹಲ್ಲು ನೀ ಮಾಡಿದ್ದು ಅಂತ. ನಮ್ಮ ಮನಿ ಟೇಬಲ್ ಮ್ಯಾಲೆ. ನಾ ಎದುರಿಗೇ ಕುಂತಿದ್ದೆ.”

ಅಪ್ಪ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟ. ಅದರ ಕಾಲುಗಳನ್ನು ಮಡಚುತ್ತ, ಬಿಚ್ಚುತ್ತ ಕೂತ. “ನಿನಗ ಏನೂ ಗೊತ್ತಿರಲಿಲ್ಲ” ಅಂದ. “ನನಗೂ ಗೊತ್ತಿರಲಿಲ್ಲ.” ಬಗ್ಗಿ ಕೆಳಗಿನ ಡ್ರಾವರ್ ಎಳೆದ. ವಾಪಸ್ ಬಂದ ಕೆಲಸಗಳ ಡ್ರಾವರ್ ಅದು: ಬಣ್ಣ ಕೂಡದ್ದು, ಕಚ್ಚಿದಾಗ ಎತ್ತರವಾದದ್ದು, ಸೀಳಿದ್ದು. ಹಿಂದಿನ ಮೂಲೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಅವಳ ಮುಂದೆ ಇಟ್ಟ. ಮುಚ್ಚಳದ ಮೇಲೆ ಸಂಖ್ಯೆ, ತೊಂಬತ್ತೊಂಬತ್ತರ ಆಗಸ್ಟ್ ತಿಂಗಳು. ಒಳಗೆ ಹತ್ತಿಯ ಮೇಲೆ ಒಂದು ಹಲ್ಲು.

“ಆ ಚೀಟಿದು ಇದು. ಬಣ್ಣ ಕೂಡಲಿಲ್ಲಂತ ಡಾಕ್ಟರ್ ವಾಪಸ್ ಕಳಿಸಿದ್ರು. ನಾ ಆಗ ಊರಾಗಿದ್ದೆ. ಮಸೂದ್ ಇಸಕೊಂಡು ಇದರಾಗ ಹಾಕಿದ್ದ. ನನಗ ಹೇಳೂದು ಮರತ.”

“ಹೇಳಿದ್ದೆ ಮಾರಾಯ್ರೆ. ನೀವು ಕೇಳಿಸ್ಕೊಂಡಿಲ್ಲ” ಎಂದ ಮಸೂದ್, ಟಿಫಿನ್ನಿನ ಮೇಲೆ ಕಣ್ಣಿಟ್ಟು.

“ಮತ್ತ ಆಕಿ ಬಾಯಾಗಿದ್ದದ್ದು?”

“ಜರ್ಮನಿದು. ಖರೇನ ಜರ್ಮನಿದು.”

“ನಿನಗ ಯಾವಾಗ ಗೊತ್ತಾತು?”

“ಮುಂದಿನ ಜನವರಿಯೊಳಗ. ಡ್ರಾವರ್ ಸ್ವಚ್ಛ ಮಾಡೂವಾಗ.” ಅವನು ಡಬ್ಬಿಯನ್ನು ಬೆರಳ ತುದಿಯಿಂದ ಸರಿಸಿದ. “ಅಷ್ಟರಾಗ ನೀ ಡಾಕ್ಟರ್ ಆಗತೀನಿ ಅಂದಿದ್ದಿ. ನಿಮ್ಮವ್ವ ಊರ ತುಂಬ ಹೇಳಿದ್ಲು. ಯಾಕ ಅಂದಿ ಅನ್ನೂದು ನನಗ ತಿಳದಿತ್ತು. ಇದನ್ನ ತೋರ್ಸಿದ್ರ ಬಿಟ್ಟುಬಿಡ್ತಿ ಅಂತ ಅನಸ್ತು. ತೋರ್ಸಲಿಲ್ಲ.” ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ: “ಡಾಕ್ಟರ್ ಹತ್ರ ಮತ್ತೊಮ್ಮೆ ಹೋಗಿ ತಪ್ಪಾತರೀ ಅಂದೆ. ಮೊದಲನೇ ಸಲ ಸುಮ್ನ ಅಂದಿದ್ದೆ, ನೌಕರಿ ಸಲುವಾಗಿ. ಎರಡನೇ ಸಲ ಖರೇನ ಅಂದೆ. ಅವರಿಗೆ ಯಾವುದಕ್ಕಂತ ನೆನಪೇ ಇರಲಿಲ್ಲ.”

ಮೂರು ವರ್ಷ ಇದು ಇಲ್ಲೇ ಇತ್ತೆಂದು ಅಕ್ಷರಾ ಲೆಕ್ಕ ಹಾಕಿದಳು. ಡಬ್ಬಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು, ಅಪ್ಪ ಬೇಡವೆನ್ನಲಿಲ್ಲ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವನ ದನಿ ಬಂತು: “ಒಂದ ಮಾತು. ಚಂದ ಮಾಡಾಕ ನನಗ ಬರ್ತದ. ಯಾಕ ನೋಯ್ತದ ಅನ್ನೂದು ನನಗ ಇವತ್ತಿಗೂ ಗೊತ್ತಿಲ್ಲ. ಪ್ಲಾಸ್ಟರ್ ನೋಯಂಗಿಲ್ಲ ನೋಡು. ಅಷ್ಟ. ನೀ ಏನರ ಬರಕೊ.”

ಟ್ಯಾಕ್ಸಿಯಲ್ಲಿ ಅವಳಿಗೆ ಮೊದಲು ಬಂದದ್ದು ಸಿಟ್ಟು. ಅಪ್ಪನ ಮೇಲೋ, ಹಸಿರು ಸೀರೆಯ ಮೇಲೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಯಾರ ಬಾಯಲ್ಲೋ ತನ್ನ ಹಲ್ಲು ಇದೆಯೆಂದು, ಯಾರೋ ಉಣ್ಣುವಾಗ, ನಗುವಾಗ ತಾನೂ ಬಳಕೆಯಾಗುತ್ತಿದ್ದೇನೆಂದು ತುಟಿ ಬಿಗಿದುಕೊಂಡು ಬದುಕಿದ್ದಳು. ಅದು ಎಲ್ಲೂ ಇರಲಿಲ್ಲ. ಅಂದು ಅವಳು ಹೇಳಿದ ‘ಗೊತ್ತಿಲ್ಲ’ ನಿಜವಾಗಿತ್ತು. ಹೇಳುವಾಗ ಮಾತ್ರ ಸುಳ್ಳಾಗಿತ್ತು. ನಿಜವಾದ ಮಾತಿನಿಂದ ತಪ್ಪು ಕಳೆದುಹೋಗುತ್ತದೆಯೆ? ಅವಳು ಕನ್ನಡಿ ತೆಗೆದು, ಡಬ್ಬಿಯ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು, ತನ್ನ ಹಲ್ಲಿನ ಪಕ್ಕಕ್ಕೆ ತಂದಳು. ಹೊಂದಲಿಲ್ಲ. ಡಬ್ಬಿಯದರ ಅಂಚಿನಲ್ಲಿ ಸಣ್ಣ ದುಂಡು ಇತ್ತು. ಅವಳದು ಅಲ್ಲಿ ಚಪ್ಪಟೆಯಾಗಿ ಸವೆದಿತ್ತು. ಯಾಕೆ ಸವೆಯಿತು? ಕಚ್ಚಿ ಹಿಡಿದೇ? ನಿದ್ದೆಯಲ್ಲೇ? ಮುಂದಿನ ಕನ್ನಡಿಯಲ್ಲಿ ಪಠಾಣ ಡ್ರೈವರ್ ಆಕಳಿಸಿದ. ಅವನ ಎಡಗಡೆಯ ಹಲ್ಲುಗಳು ಮಾತ್ರ ಅರ್ಧಕ್ಕೆ ಸವೆದಿದ್ದವು. ಬಲಗಡೆಯವು ಸರಿಯಿದ್ದವು. ಅಂದರೆ ಅವನು ಒಂದೇ ಕಡೆ ಅಗಿಯುತ್ತಾನೆ. ಅಂದರೆ ಇನ್ನೊಂದು ಕಡೆ ನೋವಿದೆ, ಅಥವಾ ಇತ್ತು. ಸರಿಯಿದ್ದಂತೆ ಕಾಣುವ ಕಡೆಯಲ್ಲೇ ನೋವು. ಸೇತುವೆ ದಾಟುವವರೆಗೆ ಅವಳು ಅದನ್ನೇ ಯೋಚಿಸಿದಳು. ಯೋಚಿಸುತ್ತಿದ್ದೇನೆಂದು ಗೊತ್ತಾದಾಗ ಮೂರೂವರೆ ದಾಟಿತ್ತು. ಇಷ್ಟು ಹೊತ್ತು ಮಣ್ಣಿನ ಕ್ಲಾಸು ಒಮ್ಮೆಯೂ ನೆನಪಾಗಿರಲಿಲ್ಲ ಎನ್ನುವುದೂ ಗೊತ್ತಾಯಿತು. ಅವಳಿಗೆ ಬೇಕಾಗಿದ್ದುದು ಮಣ್ಣಲ್ಲ, ಬೈಗುಳ.

ವಿಶ್ವವಿದ್ಯಾಲಯದ ಕಚೇರಿಯ ಕೌಂಟರಿನಲ್ಲಿದ್ದವರು ಮಂಗಳೂರಿನ ತೆರೆಸಾ. ಕನ್ನಡದ ಹೆಸರು ಕಂಡರೆ ಕನ್ನಡದಲ್ಲೇ ಮಾತಾಡಿಸುತ್ತಿದ್ದರು. ಸಾಲಿನಲ್ಲಿ ಅಕ್ಷರಾಳ ಹಿಂದೆಯೇ ಜಮೀಲ ಬಂದು ನಿಂತಳು.

“ಎಂತ ಮಾರಾಯ್ತಿ, ಹತ್ತು ನಿಮಿಷ ಇರುವಾಗ ಬರೂದಾ? ಸೈನ್ ಉಂಟಾ? ಉಂಟು.” ತೆರೆಸಾ ಸಹಿ ತಾಳೆ ನೋಡಲು ಹಳೆಯ ಕಡತ ತೆರೆದರು. ಒಂದು ಕಾಗದ ತಿರುವಿದರು, ಹಿಂದಿನದಕ್ಕೆ ಮರಳಿದರು. “ಇಲ್ಲಿ ನಿಮ್ಮ ತಂದೆಯದ್ದು ಡೆಂಟಿಸ್ಟ್ ಅಂತ ಉಂಟು. ವೀಸಾದಲ್ಲಿ ಬೇರೆ ಉಂಟು. ಯಾವುದು ಸರಿ?”

ಹಿಂದೆ ಜಮೀಲಳ ಬಳೆಗಳ ಸದ್ದು ನಿಂತಿತು.

“ವೀಸಾದೊಳಗಿಂದು” ಎಂದಳು ಅಕ್ಷರಾ. “ಅವರು ಡೆಂಟಲ್ ಟೆಕ್ನಿಷಿಯನ್. ಅರ್ಜಿ ನಾನೇ ಬರೆದದ್ದು.” ತೆರೆಸಾ ಕೊಟ್ಟ ಪೆನ್ನಿನಲ್ಲಿ ಅವಳು ದೊಡ್ಡಕ್ಷರಗಳ ಮೇಲೆ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು ಸಹಿ ಹಾಕಿದಳು. ತಿರುಗಿ ನೋಡದೆ ಹೇಳಿದಳು: “ಜಮೀಲ, ಸಾರಿ. ನಮ್ಮಪ್ಪ ಹಲ್ಲುನೋವು ನೋಡಂಗಿಲ್ಲ. ಹಲ್ಲು ಮಾಡ್ತಾರ. ಉಮ್ಮನ್ನ ಇವತ್ತೇ ಬೇರೆ ಯಾರಿಗಾದ್ರೂ ತೋರ್ಸು. ಕೆನ್ನೆ ದಪ್ಪ ಆಗಿದ್ರ ತಡಾ ಮಾಡಬಾರದು.” ಜಮೀಲ ಸಾಲು ಬಿಟ್ಟು ಮೊಬೈಲ್ ತೆಗೆಯುತ್ತ ಹೊರಗೆ ಹೋದದ್ದು ಗಾಜಿನಲ್ಲಿ ಕಾಣಿಸಿತು.

ಮೂರನೇ ಚೌಕದಲ್ಲಿ ಅಕ್ಷರಾ ಬಯಾಲಜಿ ಎಂದು ಬರೆದಳು. ಬರೆದ ಮೇಲೆ, ಅದು ನೋಡಲು ಒಂಬತ್ತು ದಿನಗಳ ಹಿಂದೆ, ಏನನ್ನೂ ಯೋಚಿಸದೆ, ಬರೆಯಬಹುದಾಗಿದ್ದ ಹಾಗೆಯೇ ಇತ್ತು.

“ನಾಲ್ಕನೇದು ಖಾಲಿ ಉಂಟಲ್ಲ” ಎಂದರು ತೆರೆಸಾ. “ಎಲ್ಲರೂ ಎಂತಾದ್ರೂ ಬರೀತಾರೆ. ಡೆಂಟಲ್ ಅಂತ ಹೇಳ್ತಿದ್ರಿ ನೀವು.”

“ಕಡ್ಡಾಯ ಅಲ್ಲವಲ್ಲ?”

“ಅಲ್ಲಪ್ಪ.” ಮೊಹರು ಬಿತ್ತು.

ಹೊರಗೆ ಬಂದಾಗ ಬಸ್ಸುಗಳು ಹೊರಡಲು ನಿಂತಿದ್ದವು. ಅವಳ ಮೊಬೈಲ್ ಹೊಡೆದುಕೊಂಡಿತು, ಲ್ಯಾಬಿನ ನಂಬರು.

“ಏನ ಬರದಿ?”

“ಬಯಾಲಜಿ.”

ಆ ಕಡೆ ಭಟ್ಟಿಯ ಗುಂಯ್‌ಗುಡುವಿಕೆ ಕೇಳಿಸಿತು. “ನಾ ಹೇಳಿದ್ದಕ್ಕೇನು?”

“ಅಲ್ಲ.”

“ಹೂಂ” ಎಂದ ಅಪ್ಪ, ನಂಬದವನ ದನಿಯಲ್ಲಿ. ಫೋನ್ ಇಟ್ಟ. ಅವಳು ಬಿಸಿಲಲ್ಲಿ ನಿಂತು, ಅಲ್ಲ ಎಂದು ಇನ್ನೊಮ್ಮೆ, ಈ ಸಲ ಬಾಯಿ ತೆರೆದು, ಜೋರಾಗಿ ಹೇಳಿ ನೋಡಿದಳು. ಬಸ್ಸಿನ ಮೆಟ್ಟಿಲ ಮೇಲಿದ್ದ ಇಬ್ಬರು ತಿರುಗಿ ಅವಳ ಬಾಯಿಯ ಕಡೆ ನೋಡಿದರು.